‘ಬಟ್’ ದಾಟಿದ ಮೇಲೆ ಕೆಡುವ ಇಂಗ್ಲಿಷ್ ವಾಕ್ಯ: ದೋಷ ಹುಡುಕುವುದು ಹೇಗೆ

ಡೊಂಬಿವಲಿಯಲ್ಲಿರುವ ನಮ್ಮ ಅಣ್ಣನ ಮಗ ತನ್ನ ಹಳೆಯ ಫ್ಲಾಟನ್ನು ಬಾಡಿಗೆಗೆ ಕೊಡಲು ಒಂದು ಜಾಹೀರಾತು ಬರೆದು ವಾಟ್ಸಾಪಿನಲ್ಲಿ ಕಳಿಸಿದ. ‘ಸ್ಮಾಲ್ ಬಟ್ ಗುಡ್ ಮೇಂಟೇನ್ಡ್ ಫ್ಲಾಟ್ ನಿಯರ್ ಸ್ಟೇಷನ್, ರಿಪೇರ್ಡ್ ಬಟ್ ಪ್ರಾಪರ್ಲಿ ನಾಟ್ ಪೇಂಟೆಡ್.’ ಬಾಡಿಗೆ ಜಾಹೀರಾತಿನಲ್ಲಿ ಬಣ್ಣದ ವಿಷಯ ಇಷ್ಟು ಪ್ರಾಮಾಣಿಕವಾಗಿ ಬರೆದವರನ್ನು ನಾನು ಮುಂಬಯಿಯಲ್ಲಿ ಬೇರೆ ಕಂಡಿಲ್ಲ. ಅದರ ಕೆಳಗೆ, ‘ಚಿಕ್ಕಪ್ಪ, ಎಂಥದೋ ಸರಿ ಇಲ್ಲ ಅನ್ನಿಸ್ತದೆ, ಎಂಥದು ಅಂತ ಗೊತ್ತಾಗುದಿಲ್ಲ’ ಎಂದಿತ್ತು.

ಎಂಥದೋ ಸರಿ ಇಲ್ಲ. ಗ್ರೈಂಡರ್ ರಿಪೇರಿಗೆ ಬಂದವನಿಗೂ ಹೋಟೆಲಿನವರು ಹೇಳುವುದು ಇದೇ ಮಾತು. ಅವನು ಇಡೀ ಯಂತ್ರ ಬಿಚ್ಚಲು ಹೋಗುವುದಿಲ್ಲ. ಮೊದಲು ಪ್ಲಗ್ ನೋಡುತ್ತಾನೆ, ಆಮೇಲೆ ಬೆಲ್ಟು, ಆಮೇಲೆ ಮೋಟಾರು. ನಾನು ಮುಂಬಯಿಯ ಫೋರ್ಟ್ ಭಾಗದ ಒಂದು ಕಚೇರಿಯಲ್ಲಿ ಇಂಗ್ಲಿಷ್ ಪತ್ರ ಬರೆದು, ತಿದ್ದಿ, ಪ್ರೂಫ್ ನೋಡಿ ನಿವೃತ್ತನಾದವನು. ಸಂಜೆಯ ಹೊತ್ತು ರಾತ್ರಿಶಾಲೆಯಲ್ಲಿ, ಹಗಲೆಲ್ಲ ಹೋಟೆಲಿನಲ್ಲಿ ದುಡಿದು ಬಂದು ಅರ್ಧ ನಿದ್ದೆಯಲ್ಲಿ ಕೂರುತ್ತಿದ್ದ ನಮ್ಮ ಊರಿನ ಹುಡುಗರಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದೆ. ಅವರ ವಾಕ್ಯಗಳು ಕೆಡುತ್ತಿದ್ದ ಜಾಗಗಳಲ್ಲಿ ಒಂದು ಜಾಗ ನನಗೆ ಬಾಯಿಪಾಠವಾಗಿ ಹೋಗಿದೆ. ‘ಬಟ್’ ಬಂತು, ಅದರ ಹಿಂದೆ ಒಂದು ಕ್ರಿಯಾವಿಶೇಷಣ (ಕೆಲಸ ಹೇಗಾಯಿತು ಎಂದು ಹೇಳುವ ಮಾತು) ಬಂತು, ಅದರ ಹಿಂದೆ ‘ಮೇಂಟೇನ್ಡ್’, ‘ಪೇಂಟೆಡ್’, ‘ಸರ್ವ್ಡ್’ ತರದ ಕೃದಂತ (ಕ್ರಿಯಾಪದದಿಂದ ಹುಟ್ಟಿ ವಿಶೇಷಣದ ಹಾಗೆ ನಡೆಯುವ ಶಬ್ದ) ಬಂತು ಅಂದರೆ ಅಲ್ಲಿ ಒಮ್ಮೆ ಕೈಯಿಟ್ಟು ನೋಡಲೇಬೇಕು. ‘ಯೆಟ್’, ‘ದೋ’, ‘ಆಲ್‌ದೋ’ ಬಂದರೂ ಅಷ್ಟೇ.

ಅಲ್ಲೇ ಯಾಕೆ ಕೆಡುತ್ತದೆ? ದಾದರಿನಲ್ಲಿ ಸೆಂಟ್ರಲ್ ಲೈನಿನಿಂದ ವೆಸ್ಟರ್ನ್ ಲೈನಿಗೆ ಸೇತುವೆ ದಾಟುವಾಗ ಜೊತೆಗಿದ್ದವರು ಕೈ ತಪ್ಪಿಸಿಕೊಳ್ಳುತ್ತಾರಲ್ಲ, ಹಾಗೆ. ‘ಬಟ್’ ದಾಟುವಾಗ ವಾಕ್ಯದ ಕರ್ತೃ, ‘ಈಸ್’, ‘ವಾಸ್’, ‘ಹ್ಯಾಸ್ ಬೀನ್’ ಎಲ್ಲ ಆಚೆ ಪ್ಲಾಟ್‌ಫಾರ್ಮಿನಲ್ಲೇ ಉಳಿಯುತ್ತವೆ. ಈಚೆ ಬರುವುದು ಕ್ರಿಯಾವಿಶೇಷಣ ಮತ್ತು ಕೃದಂತ ಇಬ್ಬರೇ. ಉಳಿದವರು ಯಾರೆಂದು ಓದುವವರು ಊಹಿಸಿಕೊಳ್ಳಬೇಕು. ಊಹೆ ತಪ್ಪಿದರೆ ವಾಕ್ಯ ಕೆಟ್ಟಿತು.

ಉದಾಹರಣೆಗಳನ್ನೆಲ್ಲ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಬಾಯಿಬಿಟ್ಟು ಓದಿ. ಈ ದೋಷಗಳು ಕಣ್ಣಿಗಿಂತ ಮೊದಲು ಕಿವಿಗೆ ಸಿಗುತ್ತವೆ.

ಪ್ಲಗ್ ನೋಡುವುದು

ಯಾವ ದೋಷವೇ ಇರಲಿ, ಮೊದಲು ‘ಬಟ್’ ಮತ್ತು ಅದರ ಎಡಗಡೆಯ ಮಾತನ್ನು ಬೆರಳಿನಿಂದ ಮುಚ್ಚಿ, ಉಳಿದದ್ದನ್ನು ಓದಿ. ‘ದಿ ಫ್ಲಾಟ್ ಈಸ್ ಸ್ಮಾಲ್ ಬಟ್ ಗುಡ್ ಮೇಂಟೇನ್ಡ್’ ಎಂಬುದರಲ್ಲಿ ‘ಸ್ಮಾಲ್ ಬಟ್’ ಮುಚ್ಚಿದರೆ ‘ದಿ ಫ್ಲಾಟ್ ಈಸ್ ಗುಡ್ ಮೇಂಟೇನ್ಡ್’ ಉಳಿಯಿತು. ಇಡೀ ವಾಕ್ಯದಲ್ಲಿ ತಪ್ಪು ಕಾಣದವರಿಗೂ ಈಗ ಕಾಣುತ್ತದೆ. ಮೊದಲು ಬಂದ ‘ಸ್ಮಾಲ್’ ವಿಶೇಷಣ, ಅದು ಸರಿಯಾಗಿಯೇ ಇದೆ. ಅದರ ಧಾಟಿಯಲ್ಲೇ ಕಿವಿ ‘ಗುಡ್’ ಅನ್ನೂ ಒಳಗೆ ಬಿಟ್ಟುಕೊಂಡಿತ್ತು. ಮುಚ್ಚಿದ ಮೇಲೆ ಆ ಧಾಟಿ ನಿಂತುಹೋಯಿತು.

ಬೆರಳಿಟ್ಟು ಓದಿದ ಮೇಲೂ ವಾಕ್ಯ ಚೆನ್ನಾಗಿಯೇ ಕೇಳಿದರೆ ಮುಂದಕ್ಕೆ ಹೋಗಿ.

‘ಗುಡ್ ಮೇಂಟೇನ್ಡ್’, ‘ನ್ಯೂ ಪೇಂಟೆಡ್’, ‘ಬ್ಯೂಟಿಫುಲ್ ಡೆಕೊರೇಟೆಡ್’

ಎಲ್ಲಕ್ಕಿಂತ ಹೆಚ್ಚು ಸಿಗುವ ದೋಷ ಇದು. ಕೃದಂತದ ಮುಂದೆ ಕ್ರಿಯಾವಿಶೇಷಣ ಕೂರಬೇಕಾದ ಜಾಗದಲ್ಲಿ ವಿಶೇಷಣ ಬಂದು ಕೂತಿದೆ.

ಇದಕ್ಕೆ ಮೀಟರು ನಮ್ಮ ಮನೆಯಲ್ಲೇ ಇದೆ. ಅದನ್ನೇ ಕನ್ನಡದಲ್ಲಿ ಹೇಳಿನೋಡಿ. ಸುಂದರ ಕೋಣೆ, ಸುಂದರವಾಗಿ ಅಲಂಕರಿಸಿದ ಕೋಣೆ. ‘ಆಗಿ’ ಬಂತೋ, ಇಂಗ್ಲಿಷಿನಲ್ಲಿ ‘ಲಿ’ ಬಾಲ ಬೇಕು: ‘ಸ್ಮಾಲ್ ಬಟ್ ಬ್ಯೂಟಿಫುಲಿ ಡೆಕೊರೇಟೆಡ್’. ‘ಓಲ್ಡ್ ಬಟ್ ರೆಗ್ಯುಲರ್ಲಿ ಸರ್ವಿಸ್ಡ್’, ಹಳೆಯದು ಆದರೆ ನಿಯಮಿತವಾಗಿ ಸರ್ವಿಸ್ ಮಾಡಿಸಿದ್ದು. ರಾತ್ರಿಶಾಲೆಯಲ್ಲಿ ವ್ಯಾಕರಣದ ಹೆಸರು ಹೇಳಿದರೆ ಮುಖ ಗಂಟು ಹಾಕುತ್ತಿದ್ದ ಹುಡುಗರು ‘ಆಗಿ ಬಂದ್ರೆ ಲಿ’ ಎಂಬ ಮೂರು ಮಾತನ್ನು ಮರೆಯಲಿಲ್ಲ. ನಮ್ಮ ‘ಆಗಿ’ ಹುಟ್ಟಿದ್ದು ‘ಆಗು’ ಎಂಬ ಕ್ರಿಯಾಪದದಿಂದ. ಅವರ ‘ಲಿ’ ಹುಟ್ಟಿದ್ದು ಹಳೆಯ ಇಂಗ್ಲಿಷಿನಲ್ಲಿ ದೇಹ, ರೂಪ ಎಂಬ ಅರ್ಥದ ಒಂದು ಶಬ್ದದಿಂದ. ಮೂಲ ಬೇರೆ, ಮಾಡುವ ಕೆಲಸ ಒಂದೇ.

ಆದರೆ ಈ ಮೀಟರು ಕೆಲವು ಕಡೆ ಸುಳ್ಳು ತೋರಿಸುತ್ತದೆ, ಅದನ್ನೂ ಹೇಳಿಬಿಡಬೇಕು. ನಾವು ಮಾತಿನಲ್ಲಿ ‘ಆಗಿ’ಯನ್ನು ನುಂಗುತ್ತೇವೆ. ‘ಹೊಸ ಕಟ್ಟಿದ ಮನೆ’ ಅನ್ನುತ್ತೇವೆ, ‘ಹೊಸದಾಗಿ ಕಟ್ಟಿದ’ ಎಂದು ಪೂರ್ತಿ ಹೇಳುವುದು ಭಾಷಣದಲ್ಲಿ. ‘ಒಳ್ಳೆ ಬೆಂದ ಅನ್ನ’ ಅನ್ನುತ್ತೇವೆ. ನಮ್ಮ ಕರಾವಳಿಯ ‘ಲಾಯ್ಕ’ ಅಂತೂ ಎರಡೂ ಕಡೆ ಸಲ್ಲುತ್ತದೆ: ಲಾಯ್ಕದ ಊಟ, ಲಾಯ್ಕ ಮಾಡಿ ಬಡಿಸಿದ ಊಟ. ‘ನ್ಯೂ ಪೇಂಟೆಡ್’, ‘ಗುಡ್ ಕುಕ್ಡ್’ ಎಲ್ಲ ಬರುವುದು ಈ ಬಾಗಿಲಿನಿಂದ. ಹಾಗಾಗಿ ಪರೀಕ್ಷೆ ಮಾಡುವಾಗ ಮನೆಮಾತಿನಲ್ಲಿ ಅಲ್ಲ, ಪತ್ರಿಕೆಯ ಕನ್ನಡದಲ್ಲಿ ಹೇಳಿಕೊಳ್ಳಿ. ನುಂಗಿದ ‘ಆಗಿ’ ಹೊರಗೆ ಬರುತ್ತದೆ.

ಇನ್ನೊಂದು ಸುಳ್ಳು ಆ ಕಡೆಯದು. ‘ಗುಡ್’ಗೆ ‘ಲಿ’ ಹತ್ತುವುದಿಲ್ಲ, ಅದು ‘ವೆಲ್’ ಆಗುತ್ತದೆ. ‘ಫಾಸ್ಟ್’ ಹಾಗೇ ಇರುತ್ತದೆ. ‘ಹಾರ್ಡ್’ ಎಂಬುದಕ್ಕೆ ‘ಲಿ’ ಹಚ್ಚಿದರೆ ಅರ್ಥವೇ ತಿರುಗಿ ಬೀಳುತ್ತದೆ. ‘ಹಾರ್ಡ್ ಅರ್ನ್ಡ್’ ಅಂದರೆ ಬೆವರು ಸುರಿಸಿ ಗಳಿಸಿದ್ದು, ‘ಹಾರ್ಡ್ಲಿ ಅರ್ನ್ಡ್’ ಅಂದರೆ ಗಳಿಸಿದ್ದೇ ಇಲ್ಲವೆನ್ನುವಷ್ಟು ಕಡಿಮೆ. ಹಳೆಯ ಇಂಗ್ಲಿಷಿನಲ್ಲಿ ‘ಫಾಸ್ಟ್’, ‘ಹಾರ್ಡ್’ಗಳ ಕ್ರಿಯಾವಿಶೇಷಣ ರೂಪಕ್ಕೆ ಕೊನೆಯಲ್ಲಿ ಒಂದು ‘ಎ’ ಸ್ವರವಿತ್ತು. ಕಾಲಕ್ರಮದಲ್ಲಿ ಅದು ಉದುರಿ ವಿಶೇಷಣವೂ ಕ್ರಿಯಾವಿಶೇಷಣವೂ ಒಂದೇ ರೂಪಕ್ಕೆ ಬಂದವು. ‘ಹಾರ್ಡ್ಲಿ’ಯೂ ಮೊದಲು ಕಷ್ಟಪಟ್ಟು, ಜೋರಾಗಿ ಎಂಬ ಅರ್ಥದಲ್ಲೇ ಇತ್ತು, ಆಮೇಲೆ ಸರಿದು ‘ಇಲ್ಲವೆನ್ನುವಷ್ಟು’ ಎಂಬಲ್ಲಿಗೆ ಬಂದು ನಿಂತಿತು.

ಹೋಟೆಲಿನವರು ಇಲ್ಲಿ ಸ್ವಲ್ಪ ನಿಲ್ಲಬೇಕು. ‘ಆಗಿ ಬಂದ್ರೆ ಲಿ’ ಕಲಿತ ಒಬ್ಬ ಹುಡುಗ ಉತ್ಸಾಹದಲ್ಲಿ ಮೆನುಕಾರ್ಡನ್ನೆಲ್ಲ ತಿದ್ದಿಟ್ಟ. ‘ಡೀಪ್ ಫ್ರೈಡ್’ ಹೋಗಿ ‘ಡೀಪ್ಲಿ ಫ್ರೈಡ್’ ಆಯಿತು. ‘ಹಾರ್ಡ್ ಬಾಯ್ಲ್ಡ್ ಎಗ್’ ಹೋಗಿ ‘ಹಾರ್ಡ್ಲಿ ಬಾಯ್ಲ್ಡ್’ ಆಯಿತು. ಗಿರಾಕಿಗೆ ಹಸಿ ಮೊಟ್ಟೆ ಬಡಿಸುವ ಮಾತು. ‘ಡೀಪ್ ಫ್ರೈಡ್’, ‘ಡ್ರೈ ರೋಸ್ಟೆಡ್’, ‘ಸಾಫ್ಟ್ ಬಾಯ್ಲ್ಡ್’, ‘ಕ್ಲೀನ್ ಶೇವನ್’ ಇವೆಲ್ಲ ಒಟ್ಟಿಗೆ ಅಂಟಿಕೊಂಡು ಒಂದೇ ಶಬ್ದದಂತೆ ನಡೆಯುವ ಜೋಡಿಗಳು. ಅವುಗಳ ನಡುವೆ ಕೈಹಾಕಬಾರದು. ಅದೇ ‘ಫೈನ್ಲಿ ಚಾಪ್ಡ್’, ‘ಕೋರ್ಸ್ಲಿ ಗ್ರೌಂಡ್’, ‘ಲೈಟ್ಲಿ ಸ್ಪೈಸ್ಡ್’ ಎಂಬಲ್ಲಿ ‘ಲಿ’ ಬೇಕೇ ಬೇಕು. ‘ಲೈಟ್ಲಿ ಸ್ಪೈಸ್ಡ್ ಬಟ್ ಡೀಪ್ ಫ್ರೈಡ್’ ಎಂಬ ಸಾಲು ನೋಡಲು ಒಂದು ಕಾಲು ಕುಂಟಿದಂತಿದೆ, ಆದರೆ ಸರಿ.

‘ಲಿ’ ಇದ್ದ ಮಾತ್ರಕ್ಕೆ ಕ್ರಿಯಾವಿಶೇಷಣ ಆಗುವುದೂ ಇಲ್ಲ. ‘ಫ್ರೆಂಡ್ಲಿ’, ‘ಲವ್ಲಿ’ ಇವು ವಿಶೇಷಣಗಳೇ. ‘ಲೇಟ್ ಬಟ್ ಫ್ರೆಂಡ್ಲಿ ಸರ್ವ್ಡ್’ ಎಂದು ಬರೆದರೆ ನಡೆಯದು. ‘ಸರ್ವ್ಡ್ ವಿತ್ ಎ ಸ್ಮೈಲ್’ ಎಂದು ಬೇರೆ ದಾರಿ ಹಿಡಿಯಿರಿ.

ಗಿರಾಕಿಗಳೇ ಬಡಿಸಿದ ಹಾಗೆ ಕೇಳುತ್ತಿದ್ದರೆ

ನನಗೆ ಅತ್ಯಂತ ಕುತೂಹಲದ ದೋಷ ಇದು, ಯಾಕೆಂದರೆ ಇದರ ಬೇರು ನೇರವಾಗಿ ನಮ್ಮ ಭಾಷೆಯಲ್ಲಿದೆ.

ಒಂದು ಹೋಟೆಲಿನ ಗಲ್ಲಾದಲ್ಲಿ ಕೂರುವ ಹುಡುಗ, ಪಾರ್ಟಿಯೊಂದರ ಬಗ್ಗೆ ದೂರು ಬಂದಾಗ ಉತ್ತರ ಬರೆದಿದ್ದ: ‘ದಿ ಗೆಸ್ಟ್ಸ್ ಕೇಮ್ ಲೇಟ್ ಬಟ್ ಕ್ವಿಕ್ಲಿ ಸರ್ವ್ಡ್.’ ಅತಿಥಿಗಳು ತಡವಾಗಿ ಬಂದರು, ಆದರೂ ಬೇಗ ಬಡಿಸಲಾಯಿತು ಎಂಬುದು ಅವನ ಮನಸ್ಸು. ಓದಿದವರಿಗೆ ಕಾಣುವುದು ಅತಿಥಿಗಳು ತಡವಾಗಿ ಬಂದು, ಬಕೆಟ್ ಹಿಡಿದು, ತಾವೇ ಸರಸರ ಬಡಿಸಿದ ದೃಶ್ಯ.

‘ಸರ್ವ್’ನಂಥ ಕ್ರಿಯಾಪದಗಳಿಗೆ ಇಂಗ್ಲಿಷಿನಲ್ಲಿ ಭೂತಕಾಲವೂ ಕೃದಂತವೂ ಒಂದೇ ರೂಪ. ‘ಸರ್ವ್ಡ್’ ಅಂದರೆ ಬಡಿಸಿದರು ಎಂದೂ ಆಗಬಹುದು, ಬಡಿಸಲ್ಪಟ್ಟ ಎಂದೂ ಆಗಬಹುದು. ಯಾವುದೆಂದು ಹೇಳುವುದು ಅದರ ಎಡಕ್ಕಿರುವ ‘ವರ್’, ‘ವಾಸ್’. ‘ಬಟ್’ನ ಎಡಕ್ಕೆ ‘ಕೇಮ್’ ಇದೆ, ‘ವರ್’ ಇಲ್ಲ. ಇಲ್ಲದ್ದನ್ನು ಈಚೆಗೆ ತರುವುದು ಹೇಗೆ?

ಈ ತಪ್ಪು ನಮ್ಮವರ ಕಿವಿಗೆ ಚುಚ್ಚುವುದಿಲ್ಲ. ಯಾಕೆಂದರೆ ಕನ್ನಡದ ಕೃದಂತಕ್ಕೆ ಕರ್ತರಿ ಕರ್ಮಣಿ, ಅಂದರೆ ಮಾಡಿದ್ದೋ ಮಾಡಿಸಿಕೊಂಡದ್ದೋ, ಎಂಬ ಜಗಳವಿಲ್ಲ. ‘ಬಡಿಸಿದ ಊಟ’ ಅನ್ನುತ್ತೇವೆ, ‘ಬಡಿಸಿದ ಹುಡುಗ’ ಎಂದೂ ಅನ್ನುತ್ತೇವೆ. ಊಟ ಬಡಿಸಿಕೊಂಡದ್ದು, ಹುಡುಗ ಬಡಿಸಿದವನು, ‘ಬಡಿಸಿದ’ ಮಾತ್ರ ಒಂದೇ. ಊಟ ಎದ್ದು ಬಡಿಸಲಾರದು ಎಂಬ ಲೋಕಜ್ಞಾನ ನಮ್ಮನ್ನು ಕಾಪಾಡುತ್ತದೆ. ಇಂಗ್ಲಿಷಿನಲ್ಲಿ ನಾಮಪದದ ಮುಂದೆ ‘ಸರ್ವ್ಡ್’ ಇಟ್ಟರೆ ಅದು ಬಡಿಸಿಕೊಂಡದ್ದೇ. ಅಲ್ಲಿ ಲೋಕಜ್ಞಾನಕ್ಕಿಂತ ‘ವರ್’ಗೆ ಬೆಲೆ ಹೆಚ್ಚು.

ಪರೀಕ್ಷೆ ಹೀಗೆ: ಅನುಮಾನದ ಕ್ರಿಯಾಪದ ತೆಗೆದು, ಭೂತಕಾಲ ಮತ್ತು ಕೃದಂತ ಬೇರೆಬೇರೆಯಾಗಿರುವ ಒಂದನ್ನು ಅಲ್ಲಿ ಕೂರಿಸಿ. ನಾನು ‘ಟುಕ್’, ‘ಟೇಕನ್’ ಬಳಸುತ್ತೇನೆ. ‘ದಿ ಗೆಸ್ಟ್ಸ್ ಕೇಮ್ ಲೇಟ್ ಬಟ್ ಕ್ವಿಕ್ಲಿ ಟೇಕನ್ ಟು ದಿ ಟೇಬಲ್.’ ‘ಟೇಕನ್’ ಬಂದ ಕೂಡಲೇ ಕಿವಿ ‘ವರ್ ಎಲ್ಲಿ?’ ಎಂದು ಕೇಳುತ್ತದೆ. ಹಾಗಾದರೆ ಮೂಲದಲ್ಲೂ ‘ವರ್’ ಬೇಕು: ‘ದಿ ಗೆಸ್ಟ್ಸ್ ಕೇಮ್ ಲೇಟ್ ಬಟ್ ವರ್ ಕ್ವಿಕ್ಲಿ ಸರ್ವ್ಡ್.’ ಕ್ರಿಯಾವಿಶೇಷಣದ ಜಾಗ ನೋಡಿ, ‘ವರ್’ಗೂ ಕೃದಂತಕ್ಕೂ ನಡುವೆ. ಅದು ಅದರ ಖಾಯಂ ಸೀಟು.

ಇಷ್ಟು ಹೇಳಿದಾಗ ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ್ದ, ‘ಹಾಗಾದ್ರೆ ಮಾಷ್ಟ್ರೇ, ಹಿ ಕೇಮ್ ಲೇಟ್ ಬಟ್ ವೆಲ್ ಪ್ರಿಪೇರ್ಡ್ ಅಂತ ನೀವೇ ಬೋರ್ಡಲ್ಲಿ ಬರ್ದಿದ್ರಲ್ಲ? ಅದ್ರಲ್ಲಿ ವಾಸ್ ಎಲ್ಲುಂಟು?’ ಒಳ್ಳೆಯ ಪ್ರಶ್ನೆ, ಉತ್ತರ ಹೊಳೆಯಲು ನನಗೆ ಎರಡು ದಿನ ಬೇಕಾಯಿತು. ‘ವೆಲ್ ಪ್ರಿಪೇರ್ಡ್’ ಎಂಬುದು ಅವನು ಬರುವಾಗಲೇ ಹೊತ್ತು ತಂದ ಸ್ಥಿತಿ. ತಡವಾಗಿ ಬಂದ, ಬರುವಾಗ ಚೆನ್ನಾಗಿ ತಯಾರಾಗಿದ್ದ. ‘ಕ್ವಿಕ್ಲಿ ಸರ್ವ್ಡ್’ ಸ್ಥಿತಿಯಲ್ಲ, ಬಂದು ಕೂತ ಮೇಲೆ ನಡೆದ ಘಟನೆ. ‘ಕ್ವಿಕ್ಲಿ’ ಎಂಬ ವೇಗದ ಮಾತೇ ಅದನ್ನು ಘಟನೆ ಮಾಡಿಬಿಡುತ್ತದೆ. ಸ್ಥಿತಿಯಾದರೆ ‘ಕೇಮ್’ನ ಬೆನ್ನಿಗೆ ನೇರ ಅಂಟಬಹುದು, ಘಟನೆಗೆ ತನ್ನದೇ ‘ವರ್’ ಬೇಕು.

ಇದೇ ಕುಟುಂಬದ ಇನ್ನೊಂದು: ‘ಹಿ ಹ್ಯಾಸ್ ರಿಪೇರ್ಡ್ ದಿ ಫ್ಯಾನ್ ಬಟ್ ನಾಟ್ ಪ್ರಾಪರ್ಲಿ ಟೆಸ್ಟೆಡ್.’ ಎಡಗಡೆ ‘ಹ್ಯಾಸ್’ ಮಾತ್ರ ಇದೆ, ‘ಹ್ಯಾಸ್ ಬೀನ್’ ಅಲ್ಲ. ಫ್ಯಾನಿನ ಪರೀಕ್ಷೆ ಆಗಿಲ್ಲ ಎನ್ನಬೇಕಾದರೆ ಎರಡೂ ಕಡೆ ಫ್ಯಾನನ್ನೇ ಕರ್ತೃ ಮಾಡಿ: ‘ದಿ ಫ್ಯಾನ್ ಹ್ಯಾಸ್ ಬೀನ್ ರಿಪೇರ್ಡ್ ಬಟ್ ನಾಟ್ ಪ್ರಾಪರ್ಲಿ ಟೆಸ್ಟೆಡ್.’ ಈಗ ‘ಹ್ಯಾಸ್ ಬೀನ್’ ಎರಡೂ ಕಡೆಗೆ ಸಲ್ಲುತ್ತದೆ.

‘ಪ್ರಾಪರ್ಲಿ ನಾಟ್’

ಅಣ್ಣನ ಮಗನ ಎರಡನೇ ದೋಷ. ಕನ್ನಡದಲ್ಲಿ ‘ಸರಿಯಾಗಿ ಬಣ್ಣ ಹೊಡೆದಿಲ್ಲ’ ಅನ್ನುತ್ತೇವೆ. ‘ಸರಿಯಾಗಿ’ ಮೊದಲು, ‘ಇಲ್ಲ’ ಬಾಲದಲ್ಲಿ. ಆ ಸಾಲನ್ನು ಅದೇ ಕ್ರಮದಲ್ಲಿ ಇಂಗ್ಲಿಷಿಗೆ ಇಳಿಸಿದರೆ ‘ಪ್ರಾಪರ್ಲಿ ನಾಟ್ ಪೇಂಟೆಡ್’. ಇಂಗ್ಲಿಷಿನ ‘ನಾಟ್’ ತನ್ನ ಬಲಗಡೆ ಇರುವುದನ್ನು ಅಲ್ಲಗಳೆಯುತ್ತದೆ. ‘ನಾಟ್’ನ ಬಲಕ್ಕೆ ‘ಪೇಂಟೆಡ್’ ಒಂದೇ ಇದ್ದರೆ ಬಣ್ಣವೇ ಇಲ್ಲ, ಅದೂ ‘ಸರಿಯಾಗಿ’ ಇಲ್ಲ! ‘ನಾಟ್ ಪ್ರಾಪರ್ಲಿ ಪೇಂಟೆಡ್’ ಎಂದರೆ ಬಣ್ಣ ಇದೆ, ಸರಿಯಿಲ್ಲ.

‘ಪ್ರಾಪರ್ಲಿ’ಯಲ್ಲಿ ಆದರೆ ನಗಾಡಿ ಬಿಡಬಹುದು. ‘ಕಂಪ್ಲೀಟ್ಲಿ’ ಬಂದಾಗ ದುಡ್ಡಿನ ಮಾತು. ‘ದಿ ವರ್ಕ್ ಈಸ್ ಸ್ಟಾರ್ಟೆಡ್ ಬಟ್ ಕಂಪ್ಲೀಟ್ಲಿ ನಾಟ್ ಫಿನಿಶ್ಡ್’ ಎಂದು ಕಂತ್ರಾಟುದಾರ ಬರೆದರೆ ಏನೇನೂ ಮುಗಿಸಿಲ್ಲ ಎಂದು ಒಪ್ಪಿಕೊಂಡಂತೆ. ‘ನಾಟ್ ಕಂಪ್ಲೀಟ್ಲಿ ಫಿನಿಶ್ಡ್’ ಎಂದಿದ್ದರೆ ಸ್ವಲ್ಪ ಉಳಿದಿದೆ, ಬಿಲ್ಲಿನ ದೊಡ್ಡ ಭಾಗ ಕೇಳಬಹುದು. ಎರಡು ಶಬ್ದ ಅದಲುಬದಲಾದದ್ದಷ್ಟೇ.

ಕೆಲವು ಸಲ ಎರಡೂ ಕ್ರಮ ಸರಿ, ಅರ್ಥ ಮಾತ್ರ ಬೇರೆ. ‘ಡೆಲಿಬರೇಟ್ಲಿ ನಾಟ್ ಸೈನ್ಡ್’ ಅಂದರೆ ಬೇಕೆಂದೇ ಸಹಿ ಹಾಕದೆ ಬಿಟ್ಟದ್ದು. ‘ನಾಟ್ ಡೆಲಿಬರೇಟ್ಲಿ ಸೈನ್ಡ್’ ಅಂದರೆ ಸಹಿ ಬಿದ್ದಿದೆ, ಬೇಕೆಂದು ಹಾಕಿದ್ದಲ್ಲ. ಚೆಕ್ಕಿನ ವಿಷಯದಲ್ಲಿ ಈ ವ್ಯತ್ಯಾಸ ಕೋರ್ಟಿನವರೆಗೂ ಹೋದೀತು.

‘ನಾಟ್’ ಮತ್ತು ‘ಬಟ್’ ಜೋಡಿಯಾಗಿಯೂ ಬರುತ್ತವೆ. ‘ನಾಟ್ ವಾಷ್ಡ್ ಬಟ್ ಕೇರ್‌ಫುಲಿ ವೈಪ್ಡ್’, ತೊಳೆದದ್ದಲ್ಲ, ಜಾಗ್ರತೆಯಿಂದ ಒರೆಸಿದ್ದು. ಇಲ್ಲಿ ‘ನಾಟ್’ನ ಅಧಿಕಾರ ‘ಬಟ್’ ಬಾಗಿಲಲ್ಲೇ ಮುಗಿಯುತ್ತದೆ.

ಎರಡು ಕ್ರಿಯಾವಿಶೇಷಣಗಳು ‘ಬಟ್’ನ ಆಚೆಈಚೆ ನಿಂತರೆ

‘ದಿ ಬಿಲ್ ವಾಸ್ ಚೆಕ್ಡ್ ಕ್ವಿಕ್ಲಿ ಬಟ್ ಕೇರ್‌ಲೆಸ್ಲಿ ಸೈನ್ಡ್.’ ಬೆರಳಿಟ್ಟು ನೋಡಿದರೂ ದೋಷ ಕಾಣದ ವಾಕ್ಯ ಇದು. ಆದರೂ ಓದುವವರು ಎಡವುತ್ತಾರೆ. ‘ಕ್ವಿಕ್ಲಿ ಬಟ್ ಕೇರ್‌ಲೆಸ್ಲಿ’ ಎಂಬಲ್ಲಿಗೆ ಬಂದಾಗ ಎರಡೂ ಒಂದೇ ಜೋಡಿ, ಬಿಲ್ಲನ್ನು ಬೇಗ ಆದರೆ ಅಜಾಗ್ರತೆಯಿಂದ ನೋಡಿದರು ಎಂದು ಮನಸ್ಸು ಲೆಕ್ಕ ಮುಗಿಸಿರುತ್ತದೆ. ಆಮೇಲೆ ‘ಸೈನ್ಡ್’ ಎಂಬ ಹೆಚ್ಚುವರಿ ಪ್ರಯಾಣಿಕ ಬಂದು ಸೀಟು ಕೇಳುತ್ತಾನೆ. ಎಲ್ಲರೂ ಎದ್ದು ಮತ್ತೆ ಕೂರಬೇಕು.

ಪರಿಹಾರ ಸುಲಭ. ಎಡಗಡೆ ಯಾವ ಕ್ರಮವೋ ಬಲಗಡೆಯೂ ಅದೇ ಕ್ರಮ: ‘ಕ್ವಿಕ್ಲಿ ಚೆಕ್ಡ್ ಬಟ್ ಕೇರ್‌ಲೆಸ್ಲಿ ಸೈನ್ಡ್.’ ಕ್ರಿಯಾವಿಶೇಷಣ, ಕೃದಂತ, ಬಟ್, ಕ್ರಿಯಾವಿಶೇಷಣ, ಕೃದಂತ. ಕನ್ನಡದವರಿಗೆ ಇದು ಸಹಜವಾಗಿಯೇ ಬರಬೇಕು, ನಮ್ಮಲ್ಲಿ ಕ್ರಿಯಾವಿಶೇಷಣ ಯಾವಾಗಲೂ ಮುಂದೆಯೇ: ಬೇಗ ನೋಡಿದ, ಅಜಾಗ್ರತೆಯಿಂದ ಸಹಿ ಹಾಕಿದ. ವಿಚಿತ್ರವೆಂದರೆ, ಇಂಗ್ಲಿಷನ್ನು ಸ್ವಲ್ಪ ಚೆನ್ನಾಗಿ ಕಲಿತವರೇ ಕ್ರಿಯಾವಿಶೇಷಣವನ್ನು ಹಿಂದಕ್ಕೆ ತಳ್ಳಿ ಈ ಗುಂಡಿಗೆ ಬೀಳುತ್ತಾರೆ.

ಕೃದಂತ ಒಂದೇ ಇದ್ದು ಎರಡು ಕ್ರಿಯಾವಿಶೇಷಣಗಳು ಅದನ್ನೇ ಹೊತ್ತರೆ ಬೇರೆ ಕತೆ. ಮಾಟುಂಗಾದ ಸಭಾಗೃಹವೊಂದರಲ್ಲಿ ನಡೆದ ಕಾರ್ಯಕ್ರಮದ ಇಂಗ್ಲಿಷ್ ವರದಿ ನನ್ನ ಕೈಗೆ ಬಂದಿತ್ತು. ಮುಖ್ಯ ಅತಿಥಿಗಳು ‘ಸಿಂಪಲ್ ಬಟ್ ಎಲಿಗೆಂಟ್ಲಿ ಡ್ರೆಸ್ಡ್’ ಎಂದಿತ್ತು. ವ್ಯಾಕರಣ ಕೆಟ್ಟಿಲ್ಲ. ಆದರೆ ‘ಸಿಂಪಲ್’ ಎಂಬುದು ಹೋಗಿ ವ್ಯಕ್ತಿಗೇ ಅಂಟಿಕೊಂಡಿತು: ಸರಳ ವ್ಯಕ್ತಿ, ಆದರೆ ಉಡುಪು ಸೊಗಸು. ವರದಿಗಾರರು ಹೇಳಹೊರಟದ್ದು ಉಡುಪೇ ಸರಳ, ಆದರೂ ಸೊಗಸು ಎಂದು. ಅದಕ್ಕೆ ‘ಸಿಂಪ್ಲಿ ಬಟ್ ಎಲಿಗೆಂಟ್ಲಿ ಡ್ರೆಸ್ಡ್’ ಬೇಕು. ಆ ಅತಿಥಿಗಳನ್ನು ಬಲ್ಲವರಿಗೆ ಮೊದಲ ರೂಪ ಎಷ್ಟು ಅಪಾಯಕಾರಿ ಎಂದು ಗೊತ್ತು, ನಾನು ಎರಡನೆಯದನ್ನೇ ಅಚ್ಚಿಗೆ ಕಳಿಸಿದೆ.

ಇನ್ನು ಸೋರಿಕೆ. ‘ಕೇರ್‌ಫುಲಿ ವಾಷ್ಡ್ ಅಂಡ್ ಸ್ಟೋರ್ಡ್’ ಎಂದರೆ ‘ಕೇರ್‌ಫುಲಿ’ ಎರಡೂ ಕೋಣೆಗೆ ಹರಿಯುತ್ತದೆ: ಜಾಗ್ರತೆಯಿಂದ ತೊಳೆದು, ಜಾಗ್ರತೆಯಿಂದ ಇಟ್ಟದ್ದು. ‘ಅಂಡ್’ ಜಾಗದಲ್ಲಿ ‘ಬಟ್’ ಇಟ್ಟರೆ ಗೋಡೆ ಎದ್ದಂತೆ. ‘ಕೇರ್‌ಫುಲಿ ವಾಷ್ಡ್ ಬಟ್ ಸ್ಟೋರ್ಡ್ ಇನ್ ದಿ ಓಪನ್’ ಎಂಬಲ್ಲಿ ಜಾಗ್ರತೆ ತೊಳೆಯುವಲ್ಲಿಗೇ ನಿಂತಿತು. ಆದರೆ ಬಲಗಡೆ ಬರಿಯ ಕೃದಂತ ಬಿಟ್ಟು, ‘ಕ್ವಿಕ್ಲಿ ರಿಪೇರ್ಡ್ ಬಟ್ ಪೇಂಟೆಡ್’ ಎಂದರೆ ಓದುವವರು ಎಂಥ ವಿರೋಧ ಇದು ಎಂದು ತಬ್ಬಿಬ್ಬಾಗುತ್ತಾರೆ. ‘ಬಟ್ ಬ್ಯಾಡ್ಲಿ ಪೇಂಟೆಡ್’, ‘ಬಟ್ ನೆವರ್ ಪೇಂಟೆಡ್’, ಏನಾದರೂ ಒಂದು ಕೊಡಿ. ವಿರೋಧ ಕೂತಿರುವುದು ಹೆಚ್ಚಾಗಿ ಕ್ರಿಯಾವಿಶೇಷಣದಲ್ಲೇ. ಎಷ್ಟರಮಟ್ಟಿಗೆ ಎಂದರೆ, ‘ಇಟ್ ವಾಸ್ ರಿಪೇರ್ಡ್, ಬಟ್ ಬ್ಯಾಡ್ಲಿ’ ಎಂದು ಕೃದಂತವನ್ನೇ ಕೈಬಿಟ್ಟರೂ ವಾಕ್ಯ ನಡೆಯುತ್ತದೆ.

ನೀರಿನಲ್ಲಿ ಮುಳುಗಿದ ಧಣಿ

ಈ ದೋಷ ನನ್ನದೇ. ಬೇರೆಯವರ ತಪ್ಪು ಇಷ್ಟು ಹೇಳಿದ ಮೇಲೆ ಇದನ್ನು ಬಚ್ಚಿಡುವುದು ಸರಿಯಲ್ಲ.

2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಮಿಠಿ ನದಿ ಉಕ್ಕಿ ಕುರ್ಲಾ, ಕಲೀನಾ ಕಡೆಯೆಲ್ಲ ನೀರು. ಕುರ್ಲಾದಲ್ಲಿ ನಮ್ಮವರೊಬ್ಬರ ಹೋಟೆಲಿನ ಅಡುಗೆಮನೆಗೆ ನೀರು ನುಗ್ಗಿ ಗ್ರೈಂಡರು, ಫ್ರಿಜ್ಜು ಎಲ್ಲ ಮುಳುಗಿದವು. ವಾರ ಕಳೆದ ಮೇಲೆ ಧಣಿ ನನ್ನನ್ನು ಕರೆಸಿ ವಿಮೆಯವರಿಗೆ ಒಂದು ಕಾಗದ ಬರೆಸಿದರು. ಗ್ರೈಂಡರು ಪೂರ್ತಿ ಮುಳುಗಿದ್ದರೂ ಧಣಿ ಮೇನ್ ಸ್ವಿಚ್ ಆಫ್ ಮಾಡಿದ್ದರಿಂದ ಮೋಟಾರು ಸುಡಲಿಲ್ಲ ಎಂಬುದು ವಿಷಯ. ನಾನು ಟೈಪ್ ಮಾಡಿದೆ: ‘ದೋ ಫುಲಿ ಸಬ್‌ಮರ್ಜ್ಡ್, ದಿ ಓನರ್ ಸ್ವಿಚ್ಡ್ ಆಫ್ ದಿ ಮೇನ್.’

ಸರ್ವೇಗೆ ಬಂದ ಮನುಷ್ಯ ಕಾಗದ ಓದಿ, ಧಣಿಯ ಮುಖ ನೋಡಿ, ‘ಸೇಠ್‌ಜೀ, ಪಾನೀ ಕೇ ಅಂದರ್ ಸೇ ಸ್ವಿಚ್ ಬಂದ್ ಕಿಯಾ ಕ್ಯಾ?’ ಅಂದ. ನೀರೊಳಗಿಂದಲೇ ಸ್ವಿಚ್ ಆರಿಸಿದಿರಾ ಎಂದು. ಧಣಿಗೆ ಅರ್ಥವಾಗಲಿಲ್ಲ, ನನಗೆ ಆಯಿತು.

‘ದೋ’, ‘ಆಲ್‌ದೋ’ ಆದ ಮೇಲೆ ಕರ್ತೃವನ್ನು ಬಿಟ್ಟು ಬರೀ ಕ್ರಿಯಾವಿಶೇಷಣ, ಕೃದಂತ ಇಟ್ಟರೆ ಇಂಗ್ಲಿಷ್ ಓದುವವರು ಅದನ್ನು ಅಲ್ಪವಿರಾಮದ ನಂತರ ಬರುವ ಕರ್ತೃವಿಗೆ ಅಂಟಿಸುತ್ತಾರೆ. ಬಂದವರು ಧಣಿ. ಮುಳುಗಿದವರೂ ಧಣಿಯೇ ಆದರು. ಕನ್ನಡದಲ್ಲಿ ಈ ಕಷ್ಟ ಇಲ್ಲ. ‘ಗ್ರೈಂಡರು ಮುಳುಗಿದ್ದರೂ ಧಣಿ ಸ್ವಿಚ್ ಆರಿಸಿದರು’ ಎಂದು ಎರಡು ಕಡೆ ಇಬ್ಬರು ಕರ್ತೃಗಳನ್ನು ಧಾರಾಳವಾಗಿ ಇಡುತ್ತೇವೆ, ‘ಮಳೆ ಬಂದರೂ ನಾವು ಹೊರಟೆವು’ ಎನ್ನುತ್ತೇವೆ. ಆ ಧಾರಾಳತನವೇ ಇಂಗ್ಲಿಷಿನಲ್ಲಿ ಕೈಕೊಡುತ್ತದೆ.

ಹೀಗಾಗಿ ‘ದೋ’ ಕಂಡರೆ ಒಂದು ಪ್ರಶ್ನೆ ಕೇಳಿ: ಕೃದಂತದ ಒಡೆಯ ಯಾರು, ಅಲ್ಪವಿರಾಮದ ಆಚೆ ಬಾಗಿಲು ತೆಗೆದವರು ಯಾರು? ಇಬ್ಬರೂ ಒಬ್ಬರೇ ಆದರೆ ಚಿಂತೆಯಿಲ್ಲ: ‘ದೋ ಫುಲಿ ಸಬ್‌ಮರ್ಜ್ಡ್, ದಿ ಗ್ರೈಂಡರ್ ವಾಸ್ ನಾಟ್ ಬರ್ನ್ಟ್.’ ಬೇರೆಬೇರೆಯಾದರೆ ಬಿಟ್ಟ ಕರ್ತೃವನ್ನು ಕರೆದು ಕೂರಿಸಿ: ‘ದೋ ದಿ ಗ್ರೈಂಡರ್ ವಾಸ್ ಫುಲಿ ಸಬ್‌ಮರ್ಜ್ಡ್, ದಿ ಓನರ್ ಹ್ಯಾಡ್ ಸ್ವಿಚ್ಡ್ ಆಫ್ ದಿ ಮೇನ್.’ ಹಣ ಬಂತೇ ಎಂದು ಕೇಳುವವರಿಗೆ: ಬಂತು, ಕೇಳಿದಷ್ಟಲ್ಲ. ಅದಕ್ಕೆ ನನ್ನ ವ್ಯಾಕರಣ ಕಾರಣವಲ್ಲ ಎಂದೇ ಈವರೆಗೆ ನಂಬಿದ್ದೇನೆ.

ಚಿಲ್ಲರೆ

‘ವೆರಿ’ ಎಲ್ಲ ಕೃದಂತಕ್ಕೂ ಹೊಂದುವುದಿಲ್ಲ. ‘ಟಯರ್ಡ್’, ‘ವರೀಡ್’, ‘ಪ್ಲೀಸ್ಡ್’ ತರದವು ಬಳಸಿ ಬಳಸಿ ವಿಶೇಷಣವೇ ಆಗಿಹೋಗಿವೆ, ಅವುಗಳ ಮುಂದೆ ‘ವೆರಿ’ ಹಾಕಿ. ಕ್ರಿಯೆಯ ಬಿಸಿ ಇನ್ನೂ ಆರದ ಕೃದಂತಕ್ಕೆ ‘ಮಚ್’, ‘ಬ್ಯಾಡ್ಲಿ’, ‘ಹೈಲಿ’, ‘ಗ್ರೇಟ್ಲಿ’ ಹುಡುಕಿ: ‘ಓಲ್ಡ್ ಬಟ್ ಮಚ್ ಲವ್ಡ್’, ‘ಇನ್ಶೂರ್ಡ್ ಬಟ್ ಬ್ಯಾಡ್ಲಿ ಡ್ಯಾಮೇಜ್ಡ್’. ‘ವೆರಿ ಲವ್ಡ್’ ಎಂದು ಬರೆದರೆ ಯಾರೂ ಜೈಲಿಗೆ ಹಾಕುವುದಿಲ್ಲ, ಆದರೆ ಕಚಗುಳಿ ಇಟ್ಟಂತಾಗುತ್ತದೆ.

ಅಡ್ಡಗೆರೆಯ ವಿಷಯ ಎರಡೇ ಮಾತು. ನಾಮಪದದ ಮುಂದೆ ‘ವೆಲ್-ಮೇಂಟೇನ್ಡ್ ಫ್ಲಾಟ್’ ಎಂದು ಗೆರೆ ಹಾಕಿ, ‘ದಿ ಫ್ಲಾಟ್ ಈಸ್ ವೆಲ್ ಮೇಂಟೇನ್ಡ್’ ಎಂದು ಹಿಂದೆ ಬಂದರೆ ಬೇಡ. ‘ಲಿ’ ಬಾಲದ ಕ್ರಿಯಾವಿಶೇಷಣಕ್ಕೆ ಎಲ್ಲಿಯೂ ಗೆರೆ ಬೇಡ, ಬಾಲವೇ ಸಾಕು. ಸಣ್ಣ ಜೋಡಿಗಳಲ್ಲಿ ‘ಬಟ್’ ಮುಂದೆ ಅಲ್ಪವಿರಾಮವೂ ಬೇಡ.

ಇಷ್ಟೆಲ್ಲ ನೋಡಿಯೂ ವಾಕ್ಯ ಒದ್ದಾಡುತ್ತಿದ್ದರೆ ಒಡೆದು ಎರಡು ಮಾಡಿ. ಮೆಕ್ಯಾನಿಕ್ಕೂ ಕೊನೆಗೆ ಪಾರ್ಟ್ ಬದಲಿಸುತ್ತಾನೆಯೇ ಹೊರತು ಹಳೆಯದನ್ನೇ ಉಜ್ಜುತ್ತ ಕೂರುವುದಿಲ್ಲ.

ಅಣ್ಣನ ಮಗನಿಗೆ ಫೋನು ಮಾಡಿ ಬಣ್ಣದ ನಿಜಸ್ಥಿತಿ ಕೇಳಿದೆ. ಹಾಲ್ ಆಗಿದೆ, ಅಡುಗೆಮನೆ ಬಾಕಿ ಅಂದ. ಜಾಹೀರಾತು ತಿದ್ದಿ ಕಳಿಸಿದೆ: ‘ಸ್ಮಾಲ್ ಬಟ್ ವೆಲ್-ಮೇಂಟೇನ್ಡ್ ಫ್ಲಾಟ್ ನಿಯರ್ ಸ್ಟೇಷನ್, ರೀಸೆಂಟ್ಲಿ ರಿಪೇರ್ಡ್ ಬಟ್ ನಾಟ್ ಯೆಟ್ ಫುಲಿ ಪೇಂಟೆಡ್.’ ಮೂರೇ ದಿನದಲ್ಲಿ ಒಂದು ಮರಾಠಿ ಕುಟುಂಬ ನೋಡಲು ಬಂತಂತೆ. ಎಲ್ಲ ಒಪ್ಪಿಗೆಯಾಯಿತು, ಆ ಮನೆಯಾಕೆ ಮಾತ್ರ ಫೋನಿನಲ್ಲಿ ಜಾಹೀರಾತು ತೆಗೆದು, ‘ನಾಟ್ ಯೆಟ್’ ಎಂದು ಬರೆದಿದ್ದೀರಿ, ಹಾಗಾದರೆ ಉಳಿದ ಬಣ್ಣ ನಾವು ಬರುವುದರೊಳಗೆ ಹೊಡೆಸುತ್ತೀರಿ ಅಲ್ಲವೇ ಎಂದು ಕೇಳಿದರಂತೆ.

‘ಆ ಯೆಟ್ ಒಂದು ಬೇಕಿತ್ತಾ ಚಿಕ್ಕಪ್ಪ?’ ಎಂದು ಅವನ ಮೆಸೇಜು ಬಂದಿದೆ. ಅದರ ಕೆಳಗೆ ಏಷ್ಯನ್ ಪೇಂಟ್ಸ್ ಡಬ್ಬದ ಫೋಟೋ, 4 ಲೀಟರಿನದು.